‘ಏ’ ಅನ್ನೋ ಹೆಸರಿನ ಒಳಗಿನ ಬೆಂಕಿ

(ಡಬ್ಲಿನ್‌ನಲ್ಲಿ ನಾವೊಂದಷ್ಟು ಕನ್ನಡದವರು ಸೇರಿದ್ದ ಒಂದು ಭಾನುವಾರ ನಾನು ಆಡಿದ ಮಾತು ಇದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದ್ದೀನಿ. ಮಕ್ಕಳ ಗಲಾಟೆಯಲ್ಲಿ ಕೇಳಿಸದೇ ಹೋಗಿದ್ದನ್ನ ನೆನಪಿಂದ ತುಂಬಿಸಿದ್ದೀನಿ, ಒಂದೆರಡು ಕಡೆ ಅವತ್ತು ಹೇಳೋಕೆ ಮರೆತಿದ್ದನ್ನೂ ಸೇರಿಸಿದ್ದೀನಿ.)

ಎಲ್ರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಮಾತಾಡು ಅಂತ ನಿಲ್ಸಿದ್ದಾರೆ, ಒಳಗಡೆಯಿಂದ ಬಿಸಿಬೇಳೆಬಾತ್ ಘಮ ಬೇರೆ ಬರ್ತಿದೆ, ಅದರ ಜೊತೆ ಪೈಪೋಟಿ ಮಾಡೋ ತಾಕತ್ತು ನನ್ನ ಮಾತಿಗಿಲ್ಲ, ಆದ್ರೂ ನೋಡೋಣ.

ನಾನು ಈ ದೇಶಕ್ಕೆ ಬಂದ ಹೊಸದು, ಆಫೀಸಲ್ಲಿ ಮೊದಲನೇ ವಾರ. ಪಕ್ಕದ ಡೆಸ್ಕಲ್ಲಿ ಕೂರೋರ ಬ್ಯಾಡ್ಜ್ ಮೇಲೆ ನಾಲ್ಕೇ ಅಕ್ಷರ: ಎ, ಓ, ಡಿ, ಎಚ್. ನಾನು ಮನಸ್ಸಲ್ಲೇ ಔಧ್ ಅಂತ ಒಂದ್ಸಲ, ಆವೋದ್ ಅಂತ ಒಂದ್ಸಲ ಓದ್ಕೊಂಡು, ಇದ್ಯಾವುದೋ ಅಯೋಧ್ಯೆಯ ಅರ್ಧ ಇದ್ದಂಗಿದೆಯಲ್ಲಪ್ಪಾ ಅನ್ಕೊಂಡು, ಕೊನೆಗೆ ಧೈರ್ಯ ಮಾಡಿ ಕೇಳೇಬಿಟ್ಟೆ, ನಿಮ್ಮ ಹೆಸರು ಹೇಗೆ ಹೇಳೋದು ಅಂತ. ಅವರು ‘ಏ’ ಅಂದ್ರು. ನಾನು ‘ಹಾಂ, ಹೇಳಿ’ ಅಂದೆ. ಅವರು ಮತ್ತೆ ‘ಏ’ ಅಂದ್ರು. ನಾನು ಮತ್ತೆ ‘ಹೇಳಿ ಹೇಳಿ’ ಅಂದೆ. ನಮ್ಮ ಕಡೆ ಏ ಅಂದ್ರೆ ಯಾರನ್ನೋ ಕೂಗೋದು ತಾನೇ, ಅದೂ ತೀರಾ ಸಲಿಗೆ ಇರೋರನ್ನ, ಇಲ್ಲಾಂದ್ರೆ ಜಗಳ ಶುರು ಮಾಡೋಕೆ. ಆಮೇಲೆ ಗೊತ್ತಾಯ್ತು, ಆ ಮನುಷ್ಯನ ಪೂರ್ತಿ ಹೆಸರೇ ಏ. ನಾಲ್ಕು ಅಕ್ಷರ ಬರೆದು ಒಂದು ಸ್ವರ ಮಾತ್ರ ಹೇಳ್ತಾರೆ. ಉತ್ತರದ ಕಡೆ, ಪಶ್ಚಿಮದ ಕಡೆ ಹೋದ್ರೆ ಅದೂ ಬದಲಾಗಿ ಈ ಅಂತಾರೆ.

ಅವತ್ತು ನಗಾಡಿ ಬಿಟ್ಟುಬಿಟ್ಟೆ. ಆಮೇಲೆ ಒಂದಿನ ಆ ಹೆಸರಿನ ಅರ್ಥ ಏನು ಅಂತ ಕೇಳಿದ್ದಕ್ಕೆ ‘ಬೆಂಕಿ’ ಅಂದ್ರು. ಅಲ್ಲಿಂದ ಹಿಡಿದ ಹುಚ್ಚು ಇದು, ಇವತ್ತಿಗೂ ಬಿಟ್ಟಿಲ್ಲ.

ಈ ಹೆಸರಿನ ಹಳೇ ರೂಪ ಆಯ್ದ್. ಕೊನೇ ದ್ ಇದ್ಯಲ್ಲ, ಅದು ನಮ್ಮ ದ್ ಥರ ಗಟ್ಟಿ ಅಲ್ಲ, ಇಂಗ್ಲಿಷಲ್ಲಿ ‘ದಿಸ್’, ‘ದಟ್’ ಅನ್ನೋವಾಗ ನಾಲಿಗೆ ಹಲ್ಲಿಗೆ ಸವರಿಕೊಂಡು ಹೋಗುತ್ತಲ್ಲ, ಆ ಥರದ್ದು. ಹಳೇ ಐರಿಷಲ್ಲಿ ಆಯ್ದ್ ಅಂದ್ರೆ ಬೆಂಕಿನೇ, ಹೆಸರು ಮಾತ್ರ ಅಲ್ಲ, ಮಾಮೂಲಿ ಪದ. ಅದರ ಹಿಂದಿನ ಕೆಲ್ಟಿಕ್ ರೂಪ ಐದುಸ್ ಅಂತ ಭಾಷಾಶಾಸ್ತ್ರದವರು ಕಟ್ಕೊಂಡಿದ್ದಾರೆ, ಅದಕ್ಕೂ ಹಿಂದೆ ಹೋದ್ರೆ ಉರಿ, ಹೊತ್ತಿಸು ಅನ್ನೋ ಅರ್ಥದ ಇಂಡೋ ಯುರೋಪಿಯನ್ ಧಾತು. ಅದೇ ಧಾತು ಗ್ರೀಕಿಗೆ ಹೋಗಿ, ಮೇಲಿನ ಹೊಳೆಯೋ ಆಕಾಶ ಅನ್ನೋ ಅರ್ಥದಲ್ಲಿ ಈಥರ್ ಆಯ್ತು, ಸುಟ್ಟ ಮುಖದವರು ಅನ್ನೋ ಅರ್ಥದಲ್ಲಿ ಇಥಿಯೋಪಿಯಾ ಆಯ್ತು. ಲ್ಯಾಟಿನ್ನಿಗೆ ಹೋಗಿ ಮೊದಲು ಒಲೆ ಇರೋ ಜಾಗ, ಆಮೇಲೆ ಮನೆ, ಗುಡಿ ಅಂತೆಲ್ಲ ಆಗಿ, ಕೊನೆಗೆ ಇಂಗ್ಲಿಷಿನ ಎಡಿಫಿಸ್, ಅಂದ್ರೆ ಕಟ್ಟಡ, ಆಯ್ತು. ಸೀಸರ್ ಕಾಲದಲ್ಲಿ ಈಗಿನ ಫ್ರಾನ್ಸಲ್ಲಿದ್ದ ಏಡುಯಿ ಅನ್ನೋ ಬುಡಕಟ್ಟಿನ ಹೆಸರೂ ಇದರದ್ದೇ ಅಂತ ಬಹಳಷ್ಟು ಪಂಡಿತರು ಹೇಳ್ತಾರೆ.

ಸಂಸ್ಕೃತಕ್ಕೆ ಬಂದು ಏನಾಯ್ತು? ಇಂಧ್. ಅಂದ್ರೆ ಇಂಧನ!

ನೋಡಿ, ನಾನು ಇದನ್ನ ಮೊದಲು ಓದ್ದಾಗ ಕೂತಲ್ಲೇ ಎದ್ದು ನಿಂತಿದ್ದೆ. ಪೆಟ್ರೋಲ್ ರೇಟ್ ಜಾಸ್ತಿ ಆದಾಗೆಲ್ಲ ಪೇಪರಲ್ಲಿ ‘ಇಂಧನ ದರ ಏರಿಕೆ’ ಅಂತ ಬರುತ್ತಲ್ಲ, ನಮ್ಮ ಸರ್ಕಾರದಲ್ಲಿ ಇಂಧನ ಇಲಾಖೆ, ಇಂಧನ ಸಚಿವರು ಅಂತ ಇದ್ದಾರಲ್ಲ, ಆ ಇಂಧನ ಮತ್ತು ನನ್ನ ಪಕ್ಕದ ಡೆಸ್ಕಿನ ಏ, ಇಬ್ರೂ ದಾಯಾದಿಗಳು. ಹಾಂ, ಇಂಧನ ಅಚ್ಚಗನ್ನಡ ಅಲ್ಲ, ಸಂಸ್ಕೃತದಿಂದ ತಗೊಂಡಿದ್ದು, ನಮ್ದು ಅಂತ ಹೇಳೋದಾದ್ರೆ ಸೌದೆ, ಉರುವಲು. ಆದ್ರೆ ಬಾಯಲ್ಲಿ ಇಷ್ಟು ವರ್ಷ ಓಡಾಡಿದ್ಮೇಲೆ ಅದೂ ನಮ್ದೇ ಬಿಡಿ. ಹೋಮಕ್ಕೆ ಹಾಕೋ ಸಮಿತ್ತು ಇದ್ಯಲ್ಲ, ಸಮ್ ಪಕ್ಕ ಇಧ್ ಸೇರಿದ್ದು, ಅದೂ ಇದೇ ಮನೆಯದ್ದು. ಇನ್ನೊಂದು ಚೆನ್ನಾಗಿರೋದು ಹೇಳ್ತೀನಿ, ಗೀತೆ ಬಾಯಿಪಾಠ ಮಾಡಿದೋರು ಇಲ್ಲಿ ಇದ್ರೆ ನಾಲ್ಕನೇ ಅಧ್ಯಾಯದ 37ನೇ ಶ್ಲೋಕ ನೆನಪು ಮಾಡ್ಕೊಳ್ಳಿ: ‘ಯಥೈಧಾಂಸಿ ಸಮಿದ್ಧೋಽಗ್ನಿರ್ಭಸ್ಮಸಾತ್ಕುರುತೇಽರ್ಜುನ’. ಚೆನ್ನಾಗಿ ಹೊತ್ತಿಕೊಂಡ ಬೆಂಕಿ ಸೌದೆಯನ್ನ ಹೇಗೆ ಬೂದಿ ಮಾಡುತ್ತೋ ಹಾಗೆ, ಅಂತ. ಅದರಲ್ಲಿ ಯಥಾ ಪಕ್ಕದಲ್ಲಿ ಸಂಧಿಯಾಗಿ ಕೂತಿರೋದು ಏಧಾಂಸಿ, ಅಂದ್ರೆ ಸೌದೆಗಳು. ಏಧಸ್! ಅದನ್ನೂ ಆಯ್ದ್ ಅನ್ನೋದನ್ನೂ ಪಕ್ಕಪಕ್ಕ ಇಟ್ಟು ಒಂದ್ಸಲ ಬಾಯಿಬಿಟ್ಟು ಹೇಳಿ ನೋಡಿ. ಅದೇ ಸಾಲಲ್ಲಿರೋ ಸಮಿದ್ಧ ಕೂಡ ಇದೇ ಧಾತು. ಒಂದೇ ಸಾಲಲ್ಲಿ ಎರಡೆರಡು ಸಲ ನಮ್ಮ ಏ ಬಂದು ಹೋಗಿದ್ದಾರೆ, ನಮಗೆ ಗೊತ್ತೇ ಇರ್ಲಿಲ್ಲ.

ಇದನ್ನ ಕೇಳಿದ ತಕ್ಷಣ ಕೆಲವರು ಐರಿಷ್ ಎಲ್ಲಾ ಸಂಸ್ಕೃತದಿಂದಲೇ ಹುಟ್ಟಿದ್ದು ಅಂತ ವಾಟ್ಸಾಪಲ್ಲಿ ಫಾರ್ವರ್ಡ್ ಶುರು ಮಾಡ್ತಾರೆ, ದಯವಿಟ್ಟು ಬೇಡ. ಯಾರೂ ಯಾರಿಂದಲೂ ಹುಟ್ಟಿಲ್ಲ, ಎರಡಕ್ಕೂ ಒಬ್ಬಳೇ ಅಜ್ಜಿ, ಆಗಲೇ ಹೇಳಿದ್ನಲ್ಲ ಆ ಇಂಡೋ ಯುರೋಪಿಯನ್, ಅಷ್ಟೇ.

ಸರಿ, ಆಯ್ದ್ ಹೋಗಿ ಏ ಆಗಿದ್ದು ಹೇಗೆ? ಆ ಮೆತ್ತನೆ ದ್ ಸವೆದು ಸವೆದು ಗಂಟಲಿಂದ ಬರೋ ಘ್ ಥರ ಆಯ್ತು, ಆಮೇಲೆ ಅದೂ ಹೋಯ್ತು. ಬರವಣಿಗೆಯಲ್ಲಿ ಮಾತ್ರ ಉಳ್ಕೊಂಡಿದೆ. ಹಳೇ ಗೇಲಿಕ್ ಅಚ್ಚಲ್ಲಿ ಮೂರೇ ಅಕ್ಷರ ಇರ್ತಿತ್ತು, ಕೊನೇ ಡಿ ಮೇಲೆ ಒಂದು ಚುಕ್ಕಿ. ಆ ಚುಕ್ಕಿ ಇದ್ರೆ ಈ ಡಿಯನ್ನ ಗಟ್ಟಿಯಾಗಿ ಹೇಳ್ಬೇಡಿ ಅಂತ ಅರ್ಥ. ನಾವು ದ ಕೆಳಗೆ ಒಂದು ಸಣ್ಣ ಸೀಳು ಹಾಕಿ ಧ ಮಾಡ್ತೀವಲ್ಲ ಅಂಥದ್ದೇ ಜಾಣತನ, ಆದ್ರೆ ಕೆಲಸ ಉಲ್ಟಾ. ನಾವು ಉಸಿರು ಜಾಸ್ತಿ ಮಾಡ್ತೀವಿ, ಅವರು ಅಕ್ಷರವನ್ನ ಮೆತ್ತಗೆ ಮಾಡ್ತಾರೆ. ಕಳೆದ ಶತಮಾನದಲ್ಲಿ ಸರ್ಕಾರ ಹಳೇ ಅಚ್ಚು ಬಿಟ್ಟು ಮಾಮೂಲಿ ರೋಮನ್ ಅಕ್ಷರಕ್ಕೆ ಬಂದಾಗ ಚುಕ್ಕಿ ಹೋಗಿ ಅದರ ಜಾಗದಲ್ಲಿ ಎಚ್ ಬಂದು ಕೂತ್ಕೊಳ್ತು. ನಮ್ಮಂಥವರಿಗೆ ಆ ಎಚ್ ನೋಡಿದ್ರೆ ಮಹಾಪ್ರಾಣ ಅನ್ಸುತ್ತೆ, ಔಧ್ ಅಂತ ಉಸಿರು ಬಿಟ್ಟು ಓದ್ತೀವಿ. ನಾನು ಓದಿದ್ದೂ ಹಾಗೇ.

ಈ ಹೆಸರು ಒಂದು ಕಾಲದಲ್ಲಿ ಎಷ್ಟು ಮಾಮೂಲಿ ಅಂದ್ರೆ, ನಮ್ಮೂರ ಕಡೆ ಬೀದೀಲಿ ನಿಂತು ‘ಮಂಜಾ’ ಅಂತ ಕೂಗಿದ್ರೆ ನಾಲ್ಕು ಜನ ತಿರುಗಿ ನೋಡಲ್ವಾ, ಹಾಗೆ. ರಾಜರ ಪಟ್ಟಿ ತೆಗೆದ್ರೆ ಆಯ್ದ್, ಸಂತರ ಪಟ್ಟಿ ತೆಗೆದ್ರೆ ಆಯ್ದ್. ಅಷ್ಟೊಂದು ಜನ ಇದ್ಮೇಲೆ ಮುದ್ದಿನ ಹೆಸರು ಹುಟ್ಟಲೇಬೇಕಲ್ಲ. ಆಯ್ದ್ ಪಕ್ಕ ಪುಟ್ಟ ಅನ್ನೋ ಅರ್ಥದ ಆನ್ ಸೇರಿಸಿದ್ರೆ ಆಯ್ದಾನ್, ಪುಟ್ಟ ಬೆಂಕಿ, ಕಿಡಿ ಅಂತ ಇಟ್ಕೊಳ್ಳಿ. ಅದೇ ಇವತ್ತಿನ ಏಡನ್. ನಿಮ್ಮ ಮಕ್ಕಳ ಕ್ಲಾಸಲ್ಲಿ ಒಬ್ಬನಾದ್ರೂ ಇದ್ದೇ ಇರ್ತಾನೆ.

ಇನ್ನೊಂದು ಮುದ್ದು ನನಗೆ ಇದಕ್ಕಿಂತ ಇಷ್ಟ. ವೆಕ್ಸ್‌ಫರ್ಡ್ ಕೌಂಟಿಯ ಫರ್ನ್ಸ್ ಅನ್ನೋ ಊರಲ್ಲಿ ಒಬ್ಬ ಸಂತ ಇದ್ರು, ಹೆಸರು ಆಯ್ದ್. ಜನಕ್ಕೆ ಅವರ ಮೇಲೆ ಎಷ್ಟು ಅಕ್ಕರೆ ಅಂದ್ರೆ ಹೆಸರಿನ ಮುಂದೆ ‘ಮೋ’ ಅಂದ್ರೆ ನನ್ನ, ಹಿಂದೆ ‘ಓಗ್’ ಅಂದ್ರೆ ಚಿಕ್ಕವನು ಅಂತ ಸೇರಿಸಿ, ‘ನನ್ನ ಚಿಕ್ಕ ಆಯ್ದ್’ ಅಂತ ಕರೆದ್ರು. ಮೋ ಆಯ್ದ್ ಓಗ್, ಅದು ಸವೆದು ಮೇಡೋಗ್, ಇನ್ನೂ ಸವೆದು ಮೋಗ್. ಶ್ರೀನಿವಾಸ ಹೋಗಿ ಸೀನ ಆದಂಗೆ. ಸೀನ ಅನ್ನೋದ್ರಲ್ಲಿ ಲಕ್ಷ್ಮಿ ಎಲ್ಲಿದ್ದಾಳೆ ಅಂತ ಹುಡುಕೋಕೆ ಆಗುತ್ತಾ? ಮೋಗ್ ಅನ್ನೋದ್ರಲ್ಲಿ ಬೆಂಕಿನೂ ಹಾಗೇ, ಮೊದಲೂ ಕೊನೆಯೂ ಉಳಿದು ಮಧ್ಯದ ಹೆಸರೇ ಕರಗಿಹೋಗಿದೆ. ವೆಕ್ಸ್‌ಫರ್ಡ್ ಕಡೆ ಮೋಗ್ ಅಂತಲೇ ಗಂಡುಮಕ್ಕಳಿಗೆ ಹೆಸರಿಡ್ತಿದ್ರು.

ಇಲ್ಲೇ ಕಿಲ್ಡೇರ್ ಸ್ಟ್ರೀಟಲ್ಲಿರೋ ನ್ಯಾಷನಲ್ ಮ್ಯೂಸಿಯಂಗೆ ಹೋದ್ರೆ ಈ ಮೇಡೋಗ್ ಹೆಸರಲ್ಲಿರೋ ಒಂದು ಪೆಟ್ಟಿಗೆ ನೋಡ್ಬೋದು, ಟಿಕೆಟ್ ಇಲ್ಲ, ಫ್ರೀ. ಸಂತರ ಅವಶೇಷ ಇಡೋಕೆ 11ನೇ ಶತಮಾನದಲ್ಲಿ ಮಾಡಿದ್ದು, ಇಳಿಜಾರು ಸೂರಿನ ಪುಟ್ಟ ಮನೆ ಥರ ಇದೆ, ಅದನ್ನ ಹೆಗಲಿಗೆ ಹಾಕ್ಕೊಂಡು ಹೋಗೋಕೆ ಚರ್ಮದ ಚೀಲನೂ ಉಳಿದಿದೆ. ಮುಂದುಗಡೆ ಕಂಚಿನ ಗೊಂಬೆಗಳ ಸಾಲು, ಒಬ್ಬೊಬ್ರ ಗಡ್ಡ, ತಲೆಕೂದಲು ಒಂದೊಂದು ಥರ, ಮಾಡಿದೋನು ಕೂದಲಿನ ಎಳೆಎಳೆ ಬಿಡದೆ ಕೂತು ಕೆತ್ತಿದ್ದಾನೆ. ಅದರಲ್ಲಿ ಒಬ್ಬ ಕೆನ್ನೆ ಮೇಲೆ ಕೈ ಇಟ್ಕೊಂಡು ನಿಂತಿದ್ದಾನೆ, ಏನೋ ಕಳ್ಕೊಂಡವನ ಹಾಗೆ. ನಾನು ಮಳೆ ಬಂತು ಅಂತ ಒಳಗೆ ಹೋದವನು ಅವನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ನನ್ನ ಹೆಂಡತಿ ಬಂದು ‘ರೀ, ಕ್ಲೋಸ್ ಮಾಡ್ತಿದ್ದಾರೆ’ ಅನ್ನೋವರೆಗೂ.

ಏಡನ್‌ಗೆ ಬರೋಣ. ಈ ಹೆಸರನ್ನ ಐರ್ಲೆಂಡಿನ ಆಚೆಗೆ ದಾಟಿಸಿದ್ದು ಮುಖ್ಯವಾಗಿ ಒಬ್ಬ ಸನ್ಯಾಸಿ. 635ರಲ್ಲಿ ಸ್ಕಾಟ್ಲೆಂಡ್ ಪಶ್ಚಿಮದ ಅಯೋನಾ ದ್ವೀಪದ ಮಠದಿಂದ ಇಂಗ್ಲೆಂಡಿನ ಉತ್ತರದ ನಾರ್ಥಂಬ್ರಿಯಾಕ್ಕೆ ಹೋದೋರು. ಅವರ ಬಗ್ಗೆ ನಮಗೆ ಗೊತ್ತಿರೋದು ಹೆಚ್ಚಾಗಿ ಬೀಡ್ ಅನ್ನೋ ಇನ್ನೊಬ್ಬ ಸನ್ಯಾಸಿ 731ರ ಹೊತ್ತಿಗೆ ಬರೆದು ಮುಗಿಸಿದ ಚರಿತ್ರೆಯಿಂದ. ಅಲ್ಲಿನ ರಾಜ ಆಸ್ವಾಲ್ಡ್ ಯಾರನ್ನಾದ್ರೂ ಕಳಿಸಿ ಅಂದಾಗ ಮೊದಲು ಇನ್ನೊಬ್ಬರನ್ನ ಕಳಿಸಿದ್ರಂತೆ. ಆ ಪುಣ್ಯಾತ್ಮ ಸಿಡುಕ, ವಾಪಸ್ ಬಂದು ಮಠದ ಸಭೆಯಲ್ಲಿ, ಆ ಜನ ಒರಟರು, ಹೇಳಿದ್ದು ಕೇಳಲ್ಲ ಅಂತ ದೂರಿದ. ಮೂಲೇಲಿ ಕೂತಿದ್ದ ಏಡನ್, ಅಣ್ಣಾ, ನೀನು ಅವರಿಗೆ ಮೊದಲು ಹಾಲು ಕುಡಿಸ್ಬೇಕಿತ್ತು, ಗಟ್ಟಿ ಊಟ ಆಮೇಲೆ, ಅನ್ನೋ ಅರ್ಥದ ಮಾತು ಹೇಳಿದ್ರು. ಎಲ್ರೂ ಇವರ ಕಡೆ ತಿರುಗಿದ್ರು. ಮೀಟಿಂಗಲ್ಲಿ ಒಳ್ಳೇ ಸಲಹೆ ಕೊಟ್ಟವನ ತಲೆಗೇ ಕೆಲಸ ಬೀಳೋದು ಆಗಲೂ ಇತ್ತು ಅಂತಾಯ್ತು.

ಲಿಂಡಿಸ್ಫಾರ್ನ್ ಅನ್ನೋ ದ್ವೀಪದಲ್ಲಿ ಮಠ ಕಟ್ಟಿದ್ರು. ಇಲ್ಲಿ ಕೂತಿರೋ ನಮಗೆಲ್ಲ ಹತ್ತಿರವಾದ ವಿಷಯ ಒಂದಿದೆ, ಅವರಿಗೆ ಅಲ್ಲಿನ ಭಾಷೆ ಸರಿಯಾಗಿ ಬರ್ತಿರ್ಲಿಲ್ಲ. ಇವರು ಐರಿಷಲ್ಲಿ ಪ್ರವಚನ ಹೇಳೋದು, ಪಕ್ಕದಲ್ಲಿ ರಾಜ ಆಸ್ವಾಲ್ಡೇ ನಿಂತ್ಕೊಂಡು ತನ್ನ ಸರದಾರರಿಗೆ ಅನುವಾದ ಮಾಡಿ ಹೇಳೋದು. ರಾಜ ಚಿಕ್ಕಂದಿನಲ್ಲಿ ದೇಶಭ್ರಷ್ಟನಾಗಿ ಐರಿಷ್ ಮಾತಾಡೋ ಜನರ ಮಧ್ಯ ಬೆಳೆದಿದ್ದ, ಹಂಗಾಗಿ ಬರ್ತಿತ್ತು. ಆಮೇಲೆ ಬಂದ ಇನ್ನೊಬ್ಬ ರಾಜ ಆಸ್ವಿನ್ ಇವರು ನಡ್ಕೊಂಡೇ ಓಡಾಡೋದು ನೋಡಿ ಒಳ್ಳೇ ಕುದುರೆ ಕೊಟ್ಟ. ಏಡನ್ ದಾರೀಲಿ ಭಿಕ್ಷೆ ಬೇಡೋನು ಸಿಕ್ಕ ಅಂತ ಕುದುರೇನ ಜೀನು ಗೀನು ಸಮೇತ ಅವನಿಗೆ ಕೊಟ್ಟುಬಿಟ್ರು. ರಾಜನಿಗೆ ಉರಿದುಹೋಯ್ತು. ಬೇರೆ ಸಾಧಾರಣ ಕುದುರೆ ಕೊಡ್ಬೋದಿತ್ತಲ್ಲ ಅಂದ. ‘ಆ ಹೆಣ್ಣುಕುದುರೆಯ ಮಗ ನಿನಗೆ ಈ ದೇವರ ಮಗನಿಗಿಂತ ಹೆಚ್ಚಾ?’ ಅಂತ ಕೇಳಿದ್ರು ಇವರು. ರಾಜ ಚಳಿ ಕಾಯಿಸ್ಕೊಳ್ತಾ ಬೆಂಕಿ ಹತ್ರ ನಿಂತಿದ್ದೋನು, ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಕತ್ತಿ ಬಿಚ್ಚಿಟ್ಟು ಬಂದು ಕಾಲಿಗೆ ಬಿದ್ದ. ಆಮೇಲೆ ಊಟಕ್ಕೆ ಕೂತಾಗ ಏಡನ್ ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದ ಪಾದ್ರಿ ಯಾಕೆ ಅಂತ ಕೇಳಿದ್ದಕ್ಕೆ, ಇಷ್ಟು ವಿನಯದ ರಾಜನ್ನ ನಾನು ನೋಡಿಲ್ಲ, ಇವನು ಜಾಸ್ತಿ ದಿನ ಬದುಕಲ್ಲ, ಅಂದ್ರು. ಹೇಳಿದ್ದು ತಮ್ಮ ಸ್ವಂತ ಭಾಷೆಯಲ್ಲಿ, ರಾಜನಿಗೂ ಅವನ ಮನೆಯವರಿಗೂ ಅರ್ಥ ಆಗದ ಭಾಷೆಯಲ್ಲಿ, ಅಂತ ಬೀಡ್ ಬಿಡದೆ ಬರೆದಿದ್ದಾರೆ. ಇಲ್ಲಿನ ಲುವಾಸ್ ಟ್ರಾಮಲ್ಲಿ ನಾವು ನಿಂತ್ಕೊಂಡು ಪಕ್ಕದವರ ಬಗ್ಗೆ ಕನ್ನಡದಲ್ಲಿ ಮಾತಾಡ್ಕೊಳ್ತೀವಲ್ಲ, 1,300 ವರ್ಷಕ್ಕೂ ಹಳೇ ಚಾಳಿ ಅದು. ಹೇಳಿದಂಗೇ ಆಯ್ತು, 651ರ ಆಗಸ್ಟಲ್ಲಿ ಆಸ್ವಿನ್ ಕೊಲೆ ಆದ, ಹನ್ನೆರಡನೇ ದಿನ, ಆಗಸ್ಟ್ 31ಕ್ಕೆ ಏಡನ್ ತೀರಿಕೊಂಡ್ರು.

ತಮಾಷೆ ಏನಪ್ಪಾ ಅಂದ್ರೆ ಪುಟ್ಟ ಬೆಂಕಿ ಅಂತ ಹೆಸರಿಟ್ಕೊಂಡ ಈ ಮನುಷ್ಯನ ಪವಾಡಗಳಲ್ಲಿ ಬೆಂಕಿ ಇವರ ಮಾತು ಕೇಳುತ್ತೆ. ಮರ್ಸಿಯಾದ ರಾಜ ಪೆಂಡಾ ಬ್ಯಾಂಬರಾ ಕೋಟೆ ಗೆಲ್ಲೋಕೆ ಆಗದೆ, ಸುತ್ತಲಿನ ಹಳ್ಳಿಗಳ ಮನೆ ಕಿತ್ತು ತೊಲೆ, ಹುಲ್ಲು, ಕಡ್ಡಿ ಎಲ್ಲಾ ಕೋಟೆ ಗೋಡೆಗೆ ಒಟ್ಟಿ ಬೆಂಕಿ ಇಟ್ಟ. ಏಡನ್ ಸಮುದ್ರದ ಮಧ್ಯ ಫಾರ್ನ್ ದ್ವೀಪದಲ್ಲಿದ್ದೋರು ಹೊಗೆ ನೋಡಿ ದೇವರನ್ನ ಬೇಡಿಕೊಂಡ್ರು, ಗಾಳಿ ತಿರುಗಿ ಬೆಂಕಿ ಹಚ್ಚಿದೋರ ಕಡೆಗೇ ಹೋಯ್ತಂತೆ. ಇನ್ನೊಂದು, ಅವರು ಕೊನೇ ಉಸಿರು ಬಿಡುವಾಗ ಚರ್ಚಿನ ಹೊರಗೋಡೆಯ ಒಂದು ಮರದ ಊರುಗಂಬಕ್ಕೆ ಒರಗಿದ್ರು. ಆಮೇಲೆ ಆ ಚರ್ಚು ಎರಡು ಸಲ ಸುಟ್ಟುಹೋಯ್ತು, ಒಂದ್ಸಲ ಪೆಂಡಾ ಸುಟ್ಟ, ಇನ್ನೊಂದ್ಸಲ ಯಾರದೋ ಅಜಾಗರೂಕತೆಯಿಂದ. ಎರಡು ಸಲವೂ ಆ ಕಂಬ ಮಾತ್ರ ಸುಡ್ಲಿಲ್ಲ. ಮೂರನೇ ಸಲ ಕಟ್ಟಿದಾಗ ಅದನ್ನ ಚರ್ಚಿನ ಒಳಗೇ ಇಟ್ರು, ಜನ ಅದರ ಚಕ್ಕೆ ಕೆತ್ಕೊಂಡು ನೀರಿಗೆ ಹಾಕಿ ಕಾಯಿಲೆಗೆ ಕುಡೀತಿದ್ರು. ಬೀಡ್‌ಗೆ ಹೆಸರಿನ ಅರ್ಥ ಗೊತ್ತಿತ್ತೋ ಇಲ್ವೋ, ಹೇಳಿಲ್ಲ. ಗೊತ್ತಿದ್ದವರು ಯಾರೋ ಈ ಕತೆ ಕಟ್ಟಿದ್ದಾರೆ ಅಂತ ನನಗೊಂದು ಗುಮಾನಿ, ಗುಮಾನಿ ಅಷ್ಟೇ.

ಈಗ ಹೆಸರು ಕೆಟ್ಟ ಕತೆ. 1169ರಿಂದ ನಾರ್ಮನ್ನರು ಇಲ್ಲಿಗೆ ಬಂದ್ರು. ಅವರಲ್ಲೊಬ್ಬ ಹ್ಯೂ ಡಿ ಲೇಸಿ, 1172ರಲ್ಲಿ ಮೀತ್ ಪ್ರಾಂತ್ಯ ಪೂರ್ತಿ ಇವನ ಕೈಗೆ ಬಂತು, 1186ರಲ್ಲಿ ಡರೋ ಅನ್ನೋ ಕಡೆ ಕೋಟೆ ಕಟ್ಟಿಸ್ತಿರೋವಾಗ ಒಬ್ಬ ಐರಿಷ್ ಹುಡುಗ ಕೊಡಲಿ ತಗೊಂಡು ತಲೆ ಹಾರಿಸಿದ. ಅವನ ಹ್ಯೂ ಅನ್ನೋ ಹೆಸರು ಜರ್ಮನ್ ಕಡೆಯದ್ದು, ಮನಸ್ಸು, ಬುದ್ಧಿ ಅಂತ ಅರ್ಥ. ಬೆಂಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದ್ರೆ ಆ ಹೊತ್ತಿಗೆ ನಮ್ಮ ಆಯ್ದ್‌ನ ದ್ ಸವೆದು ಗಂಟಲಿನ ಘ್ ಆಗಿತ್ತಲ್ಲ, ಹೊರಗಿನವರ ಕಿವಿಗೆ ಎರಡೂ ಒಂದೇ ಥರ ಕೇಳಿಸ್ತು. ಲ್ಯಾಟಿನ್, ಇಂಗ್ಲಿಷ್ ಕಾಗದಪತ್ರ ಬರೆಯೋ ಗುಮಾಸ್ತರು ಆಯ್ದ್ ಅಂತ ಕಂಡಲ್ಲೆಲ್ಲ ಹ್ಯೂ ಅಂತ ಬರೆದ್ರು. ಜನನೂ ಒಪ್ಕೊಂಡ್ರು. ಇದು ಅನುವಾದ ಅಲ್ಲ, ಹೆಸರಿಗೆ ಬೇರೆಯವರ ಕೋಟು ತೊಡಿಸಿದ್ದು. ಹಾಗಾಗಿ ಐರಿಷ್ ಚರಿತ್ರೆ ಪುಸ್ತಕದಲ್ಲಿ ನೀವು ಹ್ಯೂ ಅಂತ ಓದಿದಾಗೆಲ್ಲ ಆ ಕೋಟು ಎತ್ತಿ ಒಳಗೆ ನೋಡ್ಬೇಕು.

ಇಬ್ರು ದೊಡ್ಡ ಹ್ಯೂಗಳಿದ್ದಾರೆ, ಇಬ್ರೂ ನಿಜಕ್ಕೂ ಏಗಳೇ. ಹಿರಿಯವರು ಹ್ಯೂ ಓನೀಲ್, ಟಿರೋನ್ ಅರ್ಲ್, ಅರ್ಲ್ ಅನ್ನೋದು ಇಂಗ್ಲಿಷರ ಪದವಿ. ಇಂಗ್ಲಿಷ್ ಪತ್ರಗಳಿಗೆ ಹ್ಯೂ ಟಿರೋನ್ ಅಂತ ಸಹಿ ಹಾಕ್ತಿದ್ರು, ತಮ್ಮ ಜನಕ್ಕೆ ಮಾತ್ರ ಓನೀಲ್, ಮನೆತನದ ಹೆಸರೇ ಪಟ್ಟ. ಕಿರಿಯವನು ರೆಡ್ ಹ್ಯೂ ಓಡೊನೆಲ್, ಐರಿಷಲ್ಲಿ ಏ ರೂವ, ಕೆಂಪು ಏ. ಕೆಂಪು ಬೆಂಕಿ ಅಂತ ಹೆಸರಿಟ್ಕೊಂಡವನ ಕತೆಯಲ್ಲಿ ಇರೋದು ಪೂರ್ತಿ ಹಿಮ. 1587ರಲ್ಲಿ, ಇನ್ನೂ 15 ತುಂಬಿರ್ಲಿಲ್ಲ, ರಾಥ್‌ಮಲನ್ ಹತ್ರ ಒಂದು ಹಡಗಿನವರು ಒಳ್ಳೇ ವೈನ್ ಇದೆ ಬನ್ನಿ ಅಂತ ಕರೆದು, ಇವನು ಹತ್ತಿದ ಮೇಲೆ ಹಿಡ್ಕೊಂಡು, ಇಲ್ಲೇ ಡಬ್ಲಿನ್ ಕ್ಯಾಸಲಲ್ಲಿ ಕೂಡಿಹಾಕಿದ್ರು. ಒಂದ್ಸಲ ತಪ್ಪಿಸ್ಕೊಂಡು ಸಿಕ್ಕಿಬಿದ್ದ. ಎರಡನೇ ಸಲ, 1592ರ ಜನವರಿ ಶುರುವಲ್ಲಿ, ಓನೀಲ್ ಮನೆತನದ ಇಬ್ರು ಅಣ್ಣತಮ್ಮಂದಿರ ಜೊತೆ ಪಾಯಿಖಾನೆ ಕಿಂಡಿಯಿಂದ ಹಗ್ಗ ಇಳಿಬಿಟ್ಟು ಇಳಿದು, ಮೇಲೆ ಹೊದೆಯೋಕೂ ಇಲ್ಲದೆ ವಿಕ್ಲೋ ಬೆಟ್ಟದ ಹಿಮದಲ್ಲಿ ನಡೆದ್ರು. ಜೊತೆಗಿದ್ದ ಆರ್ಟ್ ಚಳೀಲಿ ಸತ್ತುಹೋದ. ಇವನು ಗ್ಲೆನ್‌ಮಲೂರ್ ಮುಟ್ಟಿದ, ಆದ್ರೆ ಎರಡೂ ಕಾಲಿನ ಹೆಬ್ಬೆರಳು ಹೋಯ್ತು, ಹಿಮ ಕಚ್ಚಿ ಕೊಳೆತು ಕತ್ತರಿಸ್ಬೇಕಾಯ್ತು. ಅಂಥ ಕಾಲಿಟ್ಕೊಂಡೇ ಮುಂದೆ ಇಂಗ್ಲಿಷರ ವಿರುದ್ಧ ‘ಒಂಬತ್ತು ವರ್ಷದ ಯುದ್ಧ’ ಮಾಡಿದ. 1598ರ ಆಗಸ್ಟ್ 14ಕ್ಕೆ ಯೆಲ್ಲೋ ಫೋರ್ಡ್ ಅನ್ನೋ ಕಡೆ ಇಬ್ರು ಏಗಳೂ ಸೇರಿ ಇಂಗ್ಲಿಷ್ ಸೈನ್ಯವನ್ನ ಹಣ್ಣುಗಾಯಿ ನೀರುಗಾಯಿ ಮಾಡಿದ್ರು. 1601ರ ಕೊನೇಲಿ ಕಿನ್ಸೇಲ್‌ನಲ್ಲಿ ಸೋತ್ರು. ಕೆಂಪು ಏ ಸಹಾಯ ಕೇಳೋಕೆ ಸ್ಪೇನಿಗೆ ಹೋಗಿ 1602ರ ಸೆಪ್ಟೆಂಬರಲ್ಲಿ ಸಿಮಾಂಕಸ್‌ನಲ್ಲಿ ಸತ್ತ, 29 ವಯಸ್ಸು. ದೊಡ್ಡವರು 1607ರಲ್ಲಿ ದೇಶ ಬಿಟ್ಟು ಹೋಗಿ 1616ರಲ್ಲಿ ರೋಮಲ್ಲಿ ಹೋದ್ರು.

ಕೆಂಪು ಏಯನ್ನ ಮಣ್ಣು ಮಾಡಿದ್ದು ವಯಾದೊಲಿದ್ ಊರಿನ ಮಠದಲ್ಲಿ, ಕೊಲಂಬಸ್‌ನ ಮೊದಲು ಇಟ್ಟಿದ್ದೂ ಅಲ್ಲೇ. ಮಠ ಎಲ್ಲಾ ಬಿದ್ದುಹೋಗಿ ಮೇಲೆ ಊರು ಬೆಳೀತು. 2020ರಲ್ಲಿ ರಸ್ತೆ ಅಗೆದು ಹುಡುಕಿದ್ರು. ಗುರುತು ಏನು ಗೊತ್ತಾ? ಹೆಬ್ಬೆರಳಿಲ್ಲದ ಪಾದ. ರಾಜನ ಮಗ, ಸೈನ್ಯದ ನಾಯಕ, ಸ್ಪೇನ್ ದೊರೆಯ ಅತಿಥಿ, ಎಲ್ಲಾ ಇದ್ದವನನ್ನ 400 ವರ್ಷ ಆದ್ಮೇಲೆ ಕಂಡುಹಿಡಿಯೋಕೆ ಉಳಿದಿದ್ದು ಅವನ ಹತ್ರ ಇಲ್ಲದೇ ಇದ್ದ ಎರಡು ಬೆರಳು. ಮೂಳೆಗಳು ಸಿಕ್ವು, ಇವನದೇ ಅಂತ ಹೇಳೋಕೆ ಆಗೋದು ಸಿಗ್ಲಿಲ್ಲ.

ಅಡುಗೆಮನೆ ಕಡೆಯಿಂದ ಯಾರೋ ಕೈ ಮಾಡ್ತಿದ್ದಾರೆ, ಹತ್ತೇ ನಿಮಿಷ.

ಸರ್‌ನೇಮ್‌ಗಳನ್ನ ಹೇಳ್ದೆ ಬಿಟ್ರೆ ಇಡೀ ಕತೆ ಉಪ್ಪಿಲ್ಲದ ಸಾರಾಗುತ್ತೆ. ಹೆಸರಾಗಿ ಏ ಕಮ್ಮಿ ಆಗ್ತಾ ಬಂತು, ಆದ್ರೆ ಸರ್‌ನೇಮಲ್ಲಿ ಕಳ್ಳನ ಥರ ಕೂತ್ಕೊಂಡಿದೆ. ಓ ಅಂದ್ರೆ ಮೊಮ್ಮಗ, ವಂಶದವನು. ಓ ಪಕ್ಕ ಏ ಬಂದ್ರೆ ಎರಡು ಸ್ವರ ಎದುರುಬದುರು. ನಾವೇನ್ಮಾಡ್ತೀವಿ? ಮನೆ ಅಲ್ಲಿ ಅಂತ ಇದ್ರೆ ಮಧ್ಯ ಒಂದು ಯ ತೂರಿಸಿ ಮನೆಯಲ್ಲಿ ಅಂತೀವಿ, ಆಗಮ ಸಂಧಿ ಅಂತ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ರಲ್ಲ. ಐರಿಷಲ್ಲಿ ತೂರಿಸೋದು ಹ. ಹಾಗಾಗಿ ಓ ಹೇ. ಇಂಗ್ಲಿಷ್ ಗುಮಾಸ್ತ ಓ ಕಿತ್ತುಹಾಕಿ ಬಾಲಕ್ಕೆ ಒಂದು ಸ್ ಅಂಟಿಸಿದ, ಹೇಸ್ ಆಯ್ತು. ಇಲ್ಲಿ ಹೇಸ್ ಅನ್ನೋ ಸರ್‌ನೇಮ್‌ನೋರು ಎಷ್ಟು ಜನ ಇಲ್ಲ! ಅವರ ಹೆಸರಿನ ಆ ಹ ಇದ್ಯಲ್ಲ, ಅದು ಬರೀ ಸಂಧಿಯಿಂದ ಬಂದಿದ್ದು, ಮೂಲದಲ್ಲಿ ಇರಲೇ ಇಲ್ಲ. ಮ್ಯಾಕ್ ಅಂದ್ರೆ ಮಗ. ಮ್ಯಾಕ್ ಏ ಅಂತ ಬೇಗ ಹೇಳಿ ನೋಡಿ, ಮೆಕೇ. ಆ ಕ ಮ್ಯಾಕ್‌ದು, ಏ ಮಾತ್ರ ಇವರದ್ದು. ಉತ್ತರದವರು ಏ ಬದಲು ಈ ಅಂತಾರೆ, ಮ್ಯಾಕ್‌ನ ಮ್ಯಾಗ್ ಅಂತಾರೆ, ಅಲ್ಲಿ ಮಗೀ ಆಯ್ತು. ಮೆಕೀ, ಮೆಕಾಯ್ ಇವೂ ಬಹಳ ಕಡೆ ಅದೇ. ಹೆಸರನ್ನ ಹ್ಯೂ ಮಾಡಿದೋರು ಸರ್‌ನೇಮನ್ನ ಮೆಕ್‌ಹ್ಯೂ ಮಾಡಿದ್ರು, ಕೆಲವರು ಇನ್ನೂ ಮುಂದೆ ಹೋಗಿ ಹ್ಯೂಸ್ ಮಾಡ್ಕೊಂಡ್ರು. ಈಗನ್, ಕೀಗನ್ ಇರೋದು ಏಗಾನ್ ಅನ್ನೋ ಇನ್ನೊಂದು ಮುದ್ದಿನ ಹೆಸರಿಂದ, ಆ ಈಗನ್‌ಗಳು ಹಿಂದೆ ವಂಶಪಾರಂಪರ್ಯವಾಗಿ ಐರಿಷ್ ಕಾನೂನು ಪಂಡಿತರು. ಅಸಲಿ ಮಾಲು ಅನ್ನೋಕೆ ಇಂಗ್ಲಿಷಲ್ಲಿ ‘ದ ರಿಯಲ್ ಮೆಕಾಯ್’ ಅಂತಾರಲ್ಲ, ಅದರ ಹಳೇ ರೂಪ ಸ್ಕಾಟ್ಲೆಂಡಲ್ಲಿ ‘ದ ರಿಯಲ್ ಮೆಕೇ’. ಅಸಲಿ ಅನ್ನೋಕೆ ಅವರಿಗೆ ಸಿಕ್ಕಿದ್ದು ಇಷ್ಟು ಸಲ ಕಾಗುಣಿತ ಕೆಟ್ಟ ಈ ಹೆಸರೇ.

ಏಡನ್ ಮಾತ್ರ ಕಳೆದ ಶತಮಾನದಲ್ಲಿ ಎದ್ದು ನಿಂತ, ಆಮೇಲೆ ಅಮೆರಿಕಕ್ಕೆ ಹೋಗಿ ಹುಚ್ಚೆದ್ದ. 2010ರ ಹೊತ್ತಿಗೆ ಅಲ್ಲಿ ಗಂಡುಮಕ್ಕಳ ಮೊದಲ ಹತ್ತು ಹೆಸರಲ್ಲಿ ಅವನೂ ಒಬ್ಬ, ಅದೂ ಹಳೇ ಸ್ಪೆಲಿಂಗ್ ಬಿಟ್ಟು ಎ ಜಾಗದಲ್ಲಿ ಇ ಹಾಕ್ಕೊಂಡು. ಅವನ ಹಿಂದೆ ಜೇಡನ್, ಬ್ರೇಡನ್, ಕೇಡನ್ ಅಂತ ಪ್ರಾಸಕ್ಕೆ ಸಿಕ್ಕ ಹೆಸರೆಲ್ಲ ಸಾಲು ಹಿಡಿದ್ವು. ಇಲ್ಲೇ ಮುಂದಿನ ಸಾಲಲ್ಲಿ ಕೂತಿರೋ ಒಬ್ಬ ಅಕ್ಕ ಹೋದ ಸಲ ಕೇಳಿದ್ರು, ಮೊಮ್ಮಗನಿಗೆ ಏಡನ್ ಅಂತ ಇಟ್ಟಿದ್ದಾರೆ, ಇದಕ್ಕೆ ಅರ್ಥ ಗಿರ್ಥ ಇದ್ಯೇನಪ್ಪಾ ಅಂತ. ಇದೆ ಅಕ್ಕಾ. ಸಮಿತ್ತು ಹಾಕಿದಾಗ ಹಾರೋ ಕಿಡಿ ಅಂತ ಇಟ್ಕೊಳ್ಳಿ. ಅಗ್ನಿಯ ಮಂತ್ರ ಹೇಳೋ ಮನೆಗೆ ಅದಕ್ಕಿಂತ ಒಪ್ಪೋ ಹೆಸರು ಬೇಕಾ?

ಕೊನೇದಾಗಿ ಒಂದು ಜಾಗ. ಡೊನೆಗಾಲ್ ಕೌಂಟಿಲಿ ಬ್ಯಾಲಿಶಾನನ್ ಅಂತ ಊರು, ಅಲ್ಲಿ ಅರ್ನ್ ನದಿ ಸಮುದ್ರ ಸೇರೋಕೆ ಮುಂಚೆ ಅಸರೋ ಅಂತ ಜಲಪಾತ ಇತ್ತು. ಆ ಹೆಸರೇ ಕೆಂಪ ಅನ್ನೋನ ಜಲಪಾತ ಅಂತ. ಇದು ನಮ್ಮ ಓಡೊನೆಲ್ ಅಲ್ಲ, ಪುರಾಣದವನು, ಇನ್ನೊಬ್ಬ ಕೆಂಪು ಆಯ್ದ್. ಮೂರು ಜನ ರಾಜರು ಏಳೇಳು ವರ್ಷ ಸರದಿ ಮೇಲೆ ಆಳ್ತಿದ್ರಂತೆ, ಮಾತಿಗೆ ತಪ್ಪಿದ್ರೆ ಶಪಿಸೋಕೆ ಏಳು ಜನ ಡ್ರೂಯಿಡ್, ಅಂದ್ರೆ ಆ ಕಾಲದ ಪುರೋಹಿತರು, ಬೈದು ಪದ್ಯ ಕಟ್ಟೋಕೆ ಏಳು ಜನ ಕವಿಗಳು, ಹೊಡೆಯೋಕೆ ಏಳು ಜನ ಸರದಾರರು ಜಾಮೀನು. ಅವರಲ್ಲಿ ಆಯ್ದ್ ಈ ಜಲಪಾತದಲ್ಲಿ ಮುಳುಗಿ ಸತ್ತ. ಅವನ ಸರದಿ ನನಗೆ ಕೊಡಿ ಅಂತ ಮಗಳು ಮಾಹಾ ಬಂದ್ಲು, ಹೆಂಗಸಿಗೆ ಕೊಡಲ್ಲ ಅಂದ್ರು ಉಳಿದಿಬ್ರು, ಅವಳು ಯುದ್ಧ ಮಾಡಿ ಗೆದ್ದು ತಗೊಂಡ್ಲು.

ಹೋದ ಬೇಸಿಗೆಯಲ್ಲಿ ನಾವು ನೋಡೋಣ ಅಂತ ಹೋದ್ವಿ. ಜಲಪಾತ ಇಲ್ಲ. ಹಿಂದೆ ಸಾಲ್ಮನ್ ಮೀನು ಹಾರಿ ಹಾರಿ ಮೇಲೆ ಹತ್ತೋದನ್ನ ನೋಡೋಕೆ ಜನ ಬರ್ತಿದ್ದ ಜಾಗ ಅದು. ಎರಡನೇ ಮಹಾಯುದ್ಧ ಮುಗಿದ್ಮೇಲೆ ನದಿಗೆ ಡ್ಯಾಮ್ ಕಟ್ಟಿದ್ರು, ಅಸರೋ ಹೋಯ್ತು. ಊರಿನ ಫುಟ್‌ಬಾಲ್ ಕ್ಲಬ್ಬಿನ ಹೆಸರು ಮಾತ್ರ ಇವತ್ತಿಗೂ ಏ ರೂವ, ಹುಡುಗರ ಜೆರ್ಸಿ ಮೇಲೆ ಪೂರ್ತಿ ಕಾಗುಣಿತದಲ್ಲಿ, ಹೇಳದೇ ಇರೋ ಆ ದ್, ಹ್ ಎಲ್ಲಾ ಸೇರಿ. ನನ್ನ ಮಗಳು ನೀರಿನ ಅಂಚಲ್ಲಿ ನಿಂತು, ಅಪ್ಪಾ, ಫಾಲ್ಸ್ ಎಲ್ಲಿ ಅಂತ ಕೇಳಿದ್ಲು. ನಾನು ಡ್ಯಾಮಿನ ಕಡೆ ಕೈ ತೋರಿಸಿದೆ. ಅದೇನು ಮಾಡ್ತಾರೆ ಅಲ್ಲಿ ಅಂದ್ಲು. ಕರೆಂಟು ಪುಟ್ಟಾ, ನಮ್ಮೂರಲ್ಲಾದ್ರೆ ಇಂಧನ ಇಲಾಖೆಯವರು ನೋಡ್ಕೊಳ್ತಾರಲ್ಲ, ಅದು ಅಂದೆ.

ಸರಿ, ತಟ್ಟೆ ಸದ್ದು ಕೇಳಿಸ್ತಿದೆ, ಏಳೋಣ.